ಕೆಂಪು ಸುತ್ತು, ನೀಲಿ ಗೆರೆ



ಈ ಉಪನ್ಯಾಸದ ದತ್ತಿಯನ್ನು ಇಟ್ಟ ದಂಪತಿ ತಮ್ಮ ಹೆಸರನ್ನಾಗಲಿ ಊರನ್ನಾಗಲಿ ಹೇಳಬಾರದೆಂದು ನನ್ನಿಂದ ಮಾತು ತೆಗೆದುಕೊಂಡಿದ್ದಾರೆ. ತಮ್ಮ ಮನೆಯ ಒಂದು ವಸ್ತುವಿನ ಬಗ್ಗೆ ಮಾತ್ರ ಹೇಳಬಹುದು ಎಂದಿದ್ದಾರೆ. ಅದು ಬೆಂಗಳೂರು ಪ್ರೆಸ್ ಕ್ಯಾಲೆಂಡರುಗಳ ಒಂದು ಕಟ್ಟು. ಹದಿನಾಲ್ಕು ವರ್ಷದ್ದು. ಎಲ್ಲರ ಅಡುಗೆಮನೆ ಗೋಡೆಯ ಕ್ಯಾಲೆಂಡರಿನಂತೆ ಅದರಲ್ಲೂ ಹಾಲಿನ ಲೆಕ್ಕವಿದೆ, ಗ್ಯಾಸ್ ಸಿಲಿಂಡರ್ ಬಂದ ದಿನವಿದೆ, ಸಂಕಷ್ಟಿ ಏಕಾದಶಿಗಳಿವೆ. ಇವುಗಳ ನಡುವೆ ಅಲ್ಲಲ್ಲಿ ತಾರೀಖಿನ ಮೇಲೊಂದು ಕೆಂಪು ಸುತ್ತು. ಅದು ಮಗಳಿಗೆ ಫಿಟ್ಸ್ ಬಂದ ದಿನ. ಇನ್ನು ಕೆಲವು ತಾರೀಖುಗಳ ಕೆಳಗೆ ನೀಲಿ ಗೆರೆ. ಅದು ಮಗಳು ಕಿವಿ ಮುಚ್ಚಿಕೊಂಡು ಕೂತು, ಯಾರೋ ತನ್ನನ್ನು ಬೈಯುತ್ತಿದ್ದಾರೆ, ಅನ್ನಕ್ಕೆ ಏನೋ ಬೆರೆಸಿದ್ದಾರೆ ಎಂದು ತಟ್ಟೆ ದೂಡಿದ ದಿನ. ಗುರುತು ಹಾಕಿದವರು ತಾಯಿ. ಏಳನೆಯ ತರಗತಿಗೆ ಶಾಲೆ ಬಿಟ್ಟವರು.

ಆ ಹುಡುಗಿಗೆ ಔಷಧ ಬರೆಯುತ್ತಿದ್ದ ಮನೋವೈದ್ಯ ನಾನು. ಆ ಕ್ಯಾಲೆಂಡರನ್ನು ತೆರೆದು ನೋಡಲು ನನಗೆ ಮೂರು ವರ್ಷ ಹಿಡಿಯಿತು. ಆ ಕಥೆಗೆ ಆಮೇಲೆ ಬರುತ್ತೇನೆ.

ಇಲ್ಲದ ದನಿ ಕೇಳಿಸುವ ಚಿತ್ತವಿಕಲತೆಯ ಔಷಧಗಳನ್ನೂ ಫಿಟ್ಸ್ ಬರುವ ಮೂರ್ಛೆರೋಗದ ಔಷಧಗಳನ್ನೂ ಒಂದೇ ಉಪನ್ಯಾಸದಲ್ಲಿ ಯಾಕೆ ತಂದಿರಿ ಎಂದು ಸಂಘಟಕರು ಕೇಳಿದರು. ಇವನ್ನು ಒಟ್ಟಿಗೆ ತಂದವರಲ್ಲಿ ನಾನು ಮೊದಲನೆಯವನಲ್ಲ. ಚರಕಸಂಹಿತೆಯ ನಿದಾನಸ್ಥಾನದಲ್ಲಿ ಏಳನೆಯ ಅಧ್ಯಾಯ ಉನ್ಮಾದ ಅಂದರೆ ಮತಿವಿಕಾರದ್ದು, ಎಂಟನೆಯದು ಅಪಸ್ಮಾರ ಅಂದರೆ ಮೂರ್ಛೆರೋಗದ್ದು. ಚಿಕಿತ್ಸಾಸ್ಥಾನಕ್ಕೆ ಹೋದರೆ ಒಂಬತ್ತನೆಯದು ಉನ್ಮಾದ, ಹತ್ತನೆಯದು ಅಪಸ್ಮಾರ. ಎರಡು ಕಡೆಯೂ ಅವು ಅಕ್ಕಪಕ್ಕದ ಮನೆಯವು. ನಮ್ಮ ಹಳ್ಳಿಗಳಲ್ಲೂ ಈ ಎರಡು ಕಾಯಿಲೆಯವರು ಮೊದಲು ಹೋಗಿ ನಿಲ್ಲುವುದು ಒಂದೇ ಬಾಗಿಲಲ್ಲಿ. ಗಾಳಿ ಸೋಕಿದೆ, ಮಾಟ ಮಾಡಿಸಿದ್ದಾರೆ, ದೇವರ ಹರಕೆ ಬಾಕಿಯಿದೆ. ತಾಯತ ಕಟ್ಟಿಸಿ, ಯಂತ್ರ ಬರೆಸಿ, ಗುಡಿ ದರ್ಗಾ ಸುತ್ತಿ, ಕೈಯಲ್ಲಿದ್ದ ಕಾಸೆಲ್ಲ ಕರಗಿದ ಮೇಲೆ ಆಸ್ಪತ್ರೆ. ಆಸ್ಪತ್ರೆಗೆ ಬಂದ ಮೇಲೆ ದಾರಿ ಕವಲಾಗುತ್ತದೆ: ಫಿಟ್ಸ್ ಇದ್ದವರು ನರರೋಗ ವಿಭಾಗಕ್ಕೆ, ಮತಿ ಕಲಕಿದವರು ಮನೋರೋಗ ವಿಭಾಗಕ್ಕೆ. ಬೆಂಗಳೂರಿನಲ್ಲಿ ಹಳೆಯ ಮಾನಸಿಕ ಆಸ್ಪತ್ರೆಯೂ 1954ರಲ್ಲಿ ಶುರುವಾದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯೂ 1974ರಲ್ಲಿ ಒಂದಾಗಿ ನಿಮ್ಹಾನ್ಸ್ ಆದಾಗ, ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಎರಡನ್ನೂ ಹೆಸರಿನಲ್ಲೇ ಇಟ್ಟುಕೊಂಡಿತು. ಎರಡನ್ನೂ ಒಂದೇ ಆವರಣದಲ್ಲಿ ಇಟ್ಟದ್ದು ದೊಡ್ಡ ವಿವೇಕ ಎಂದು ನಾನು ನಂಬಿದ್ದೇನೆ. ಯಾಕೆಂದರೆ ಎರಡೂ ಕಾಯಿಲೆ ಒಬ್ಬರಿಗೇ ಬರುವುದುಂಟು. ಮೂರ್ಛೆರೋಗ ಇರುವವರಲ್ಲಿ ಚಿತ್ತವಿಕಲತೆ ಉಳಿದವರಿಗಿಂತ ಹೆಚ್ಚು. ಇನ್ನೊಂದು ಕಷ್ಟವೂ ಇದೆ. ಒಂದಕ್ಕೆ ಕೊಟ್ಟ ಔಷಧ ಇನ್ನೊಂದನ್ನು ಕೆಣಕಬಹುದು.

ಈ ಔಷಧಗಳು ಎಲ್ಲಿಂದ ಬಂದವು? ರೋಗದ ಬೇರು ಗೊತ್ತಾಗಿ, ಅದಕ್ಕೆ ತಕ್ಕ ಮದ್ದನ್ನು ವಿಜ್ಞಾನಿಗಳು ತಯಾರಿಸಿರಬೇಕು ಎಂದು ನಾವೆಲ್ಲ ಭಾವಿಸುತ್ತೇವೆ. ಹಳೆಯ, ಮುಖ್ಯವಾದ ಔಷಧಗಳಲ್ಲಿ ಹಾಗೆ ಬಂದದ್ದು ಒಂದೂ ಇಲ್ಲ. ಯಾರೋ ಒಬ್ಬರು ಏನನ್ನೋ ಗಮನಿಸಿದರು. ಬೇರೆ ಯಾವುದಕ್ಕೋ ಕೊಟ್ಟದ್ದು ಇದಕ್ಕೆ ನಾಟಿದ್ದನ್ನು ಕಂಡರು. ಕಾರಣ ಆಮೇಲೆ ಗೊತ್ತಾಯಿತು. ಕೆಲವಕ್ಕೆ ಇಂದಿಗೂ ಪೂರ್ತಿ ಗೊತ್ತಾಗಿಲ್ಲ.

1857ರಲ್ಲಿ ಲಂಡನ್ನಿನ ಪ್ರಸೂತಿ ವೈದ್ಯ ಚಾರ್ಲ್ಸ್ ಲೋಕಾಕ್ ಮುಟ್ಟಿನ ಜೊತೆ ಬರುವ ಮೂರ್ಛೆಗೆ ಪೊಟ್ಯಾಸಿಯಂ ಬ್ರೋಮೈಡ್ ಕೊಟ್ಟೆನೆಂದು ವೈದ್ಯರ ಸಭೆಯೊಂದರಲ್ಲಿ ಹೇಳಿದ. ಕಾಮವಾಸನೆಯೇ ಆ ಮೂರ್ಛೆಗೆ ಮೂಲ, ಬ್ರೋಮೈಡ್ ಅದನ್ನು ತಗ್ಗಿಸುತ್ತದೆ ಎಂಬುದು ಅವನ ಲೆಕ್ಕ. ಲೆಕ್ಕ ಪೂರ್ತಿ ತಪ್ಪು. ಆದರೆ ಫಿಟ್ಸ್ ಕಡಿಮೆಯಾದದ್ದು ನಿಜ. 1912ರಲ್ಲಿ ಜರ್ಮನಿಯ ಫ್ರೈಬರ್ಗಿನಲ್ಲಿ ಆಲ್ಫ್ರೆಡ್ ಹೌಪ್ಟ್‌ಮನ್ ಎಂಬ ಯುವ ವೈದ್ಯ ನಿದ್ದೆಯ ಹೊಸ ಔಷಧ ಫಿನೋಬಾರ್ಬಿಟಾಲನ್ನು ಮೂರ್ಛೆರೋಗಿಗಳಿಗೆ ಕೊಟ್ಟ. ಅವರು ನಿದ್ದೆ ಮಾಡಿದರು, ಜೊತೆಗೆ ಅವರ ಫಿಟ್ಸ್ ಕೂಡ ಇಳಿಯಿತು. ಹಗಲಲ್ಲೂ ಇಳಿಯಿತು ಎಂಬುದನ್ನು ಅವನು ಗುರುತಿಸಿದ. ಇದೇ ಹೌಪ್ಟ್‌ಮನ್ ಯಹೂದಿ ಎಂಬ ಕಾರಣಕ್ಕೆ ಮುಂದೆ ಕೆಲಸ ಕಳೆದುಕೊಂಡ, 1938ರಲ್ಲಿ ಡಕಾವ್ ಶಿಬಿರದ ಬಂಧನ ಕಂಡ, ಕೊನೆಗೆ ಅಮೆರಿಕ ಸೇರಿ ಅಲ್ಲೇ ತೀರಿಕೊಂಡ. ಗಾರ್ಡಿನಾಲ್ ಎಂದು ನಮ್ಮ ಜನ ಕರೆಯುವ ಆ ಚಿಕ್ಕ ಮಾತ್ರೆಯನ್ನು ಚೀಟಿಯಲ್ಲಿ ಬರೆಯುವಾಗ ನನಗೆ ಹಲವು ಸಲ ಅವನ ನೆನಪಾಗಿದೆ.

ಮೂರ್ಛೆ ನಿಲ್ಲಬೇಕಾದರೆ ಮಂಪರು ಬರಲೇಬೇಕು ಎಂಬ ನಂಬಿಕೆಯನ್ನು ಮುರಿದದ್ದು ಫೆನಿಟಾಯಿನ್. 1908ರಲ್ಲಿ ತಯಾರಾಗಿ, ಯಾವುದಕ್ಕೂ ಬಾರದೆಂದು ಬದಿಗೆ ಬಿದ್ದಿದ್ದ ರಾಸಾಯನಿಕ ಅದು. ಬಾಸ್ಟನ್ನಿನಲ್ಲಿ ಟ್ರೇಸಿ ಪುಟ್ನಮ್ ಮತ್ತು ಹೂಸ್ಟನ್ ಮೆರಿಟ್ ಬೆಕ್ಕುಗಳಿಗೆ ವಿದ್ಯುತ್ತಿನಿಂದ ಸೆಳೆತ ತರಿಸಿ, ಯಾವ ಪುಡಿ ಅದನ್ನು ತಡೆಯುತ್ತದೆ ಎಂದು ಒಂದೊಂದಾಗಿ ಪರೀಕ್ಷಿಸುತ್ತ ಹೋದರು. 1938ರಲ್ಲಿ ರೋಗಿಗಳಿಗೆ ಕೊಟ್ಟ ಫಲಿತಾಂಶ ಪ್ರಕಟವಾಯಿತು. ಇದನ್ನು ನಮ್ಮಲ್ಲಿ ಎಪ್ಟಾಯಿನ್ ಎಂದರೆ ಎಲ್ಲರಿಗೂ ಗೊತ್ತು. ವರ್ಷಗಟ್ಟಲೆ ತಿಂದವರ ಒಸಡು ದಪ್ಪವಾಗುವುದೂ ಗೊತ್ತು. ಗೊತ್ತಿಲ್ಲದ್ದು ಇದರ ಇನ್ನೊಂದು ಗುಣ: ಒಂದು ಮಟ್ಟದವರೆಗೆ ಯಕೃತ್ತು ಇದನ್ನು ಸಲೀಸಾಗಿ ಕರಗಿಸುತ್ತದೆ, ಅದರ ಶಕ್ತಿ ಮುಗಿದ ಮೇಲೆ ಅರ್ಧ ಮಾತ್ರೆ ಹೆಚ್ಚಿಸಿದರೂ ರಕ್ತದಲ್ಲಿ ಔಷಧದ ಮಟ್ಟ ಒಮ್ಮೆಲೇ ಏರುತ್ತದೆ. ನಡೆದರೆ ತೂರಾಡುತ್ತಾರೆ, ಕಣ್ಣಿಗೆ ಎರಡೆರಡು ಕಾಣುತ್ತದೆ. ಇಂಥವರನ್ನು ಕುಡಿದು ಬಂದಿದ್ದಾರೆಂದು ಬಸ್ಸಿನಿಂದ ಇಳಿಸಿದ್ದನ್ನು ನಾನು ಕೇಳಿದ್ದೇನೆ.

ಇನ್ನು ವಾಲ್ಪ್ರೋಯೇಟ್. 1882ರಲ್ಲಿ ತಯಾರಾದ ಈ ದ್ರವವನ್ನು ಎಂಬತ್ತು ವರ್ಷ ಬೇರೆ ವಸ್ತುಗಳನ್ನು ಕರಗಿಸಲು ಮಾತ್ರ ಬಳಸುತ್ತಿದ್ದರು. 1962ರ ಸುಮಾರಿಗೆ ಫ್ರಾನ್ಸಿನ ಗ್ರೆನೋಬಲ್ ನಗರದಲ್ಲಿ ಪಿಯರ್ ಐಮಾರ್ ಎಂಬ ಸಂಶೋಧಕ ತನ್ನ ಹೊಸ ಸಂಯುಕ್ತಗಳನ್ನು ಇದರಲ್ಲಿ ಕರಗಿಸಿ ಪರೀಕ್ಷಿಸಿದ. ಎಲ್ಲ ಸಂಯುಕ್ತಗಳೂ ಸೆಳೆತವನ್ನು ತಡೆದವು. ಎಲ್ಲವೂ ಕೆಲಸ ಮಾಡಿದರೆ ಅನುಮಾನ ಬರಬೇಕು. ಆ ಸಂಶೋಧಕರಿಗೆ ಬಂತು. ಸೆಳೆತ ತಡೆಯುತ್ತಿದ್ದದ್ದು ಕರಗಿಸುವ ದ್ರವ. ಅದೇ ದಶಕದಲ್ಲಿ ಮನಸ್ಸು ಉಬ್ಬಿ ಕುಗ್ಗುವ ಕಾಯಿಲೆಗೂ ಅದು ನೆರವಾಗುತ್ತದೆಂದು ಫ್ರಾನ್ಸಿನಲ್ಲೇ ಕಂಡುಕೊಂಡರು. ಇಂದು ಎರಡೂ ವಿಭಾಗದ ಚೀಟಿಗಳಲ್ಲಿ ಈ ಹೆಸರಿದೆ.

ಚಿತ್ತವಿಕಲತೆಯ ಕಡೆಗೆ ಬಂದರೆ, ಕಥೆ ನಮ್ಮ ಮಣ್ಣಿನಿಂದಲೇ ಶುರುವಾಗುತ್ತದೆ. ಸರ್ಪಗಂಧದ ಬೇರು. 1931ರಲ್ಲಿ ಕಲ್ಕತ್ತೆಯ ಗಣನಾಥ ಸೇನ್ ಮತ್ತು ಕಾರ್ತಿಕಚಂದ್ರ ಬೋಸ್ ಹುಚ್ಚಿಗೂ ರಕ್ತದೊತ್ತಡಕ್ಕೂ ಇದು ಮದ್ದು ಎಂದು ವೈದ್ಯಪತ್ರಿಕೆಯಲ್ಲಿ ಬರೆದರು. ಅದೇ ಹೊತ್ತಿಗೆ ದೆಹಲಿಯಲ್ಲಿ ಸಲೀಮುಜ್ಜಮಾನ್ ಸಿದ್ದಿಕಿ ಈ ಬೇರಿನ ಸತ್ವಗಳನ್ನು ಬೇರ್ಪಡಿಸುತ್ತಿದ್ದರು. ಒಂದಕ್ಕೆ ಹಕೀಂ ಅಜ್ಮಲ್ ಖಾನರ ನೆನಪಿಗೆ ಅಜ್ಮಲೀನ್ ಎಂದು ಹೆಸರಿಟ್ಟರು. ಹೊರಜಗತ್ತು ಕಣ್ಣು ತೆರೆದದ್ದು ಮುಂಬಯಿಯ ರುಸ್ತುಂ ಜಾಲ್ ವಕೀಲರು 1949ರಲ್ಲಿ ರಕ್ತದೊತ್ತಡದ ಬಗ್ಗೆ ಬ್ರಿಟನ್ನಿನ ಪತ್ರಿಕೆಯಲ್ಲಿ ಬರೆದ ಮೇಲೆ. 1952ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ರಿಸರ್ಪೀನ್ ಎಂಬ ಸತ್ವ ಬೇರ್ಪಟ್ಟಿತು. 1954ರಲ್ಲಿ ನೇಥನ್ ಕ್ಲೈನ್ ನ್ಯೂಯಾರ್ಕ್ ರಾಜ್ಯದ ದೊಡ್ಡ ಮಾನಸಿಕ ಆಸ್ಪತ್ರೆಯಲ್ಲಿ ಅದನ್ನು ಕೊಟ್ಟ ವರದಿ ಬಂತು. ಸೇನ್ ಮತ್ತು ಬೋಸ್ ಬರೆದು ಇಪ್ಪತ್ಮೂರು ವರ್ಷ ಆಗಿತ್ತು. ಆ ಇಪ್ಪತ್ಮೂರು ವರ್ಷದ ಬಗ್ಗೆ ನನಗೆ ಇಂದಿಗೂ ಸಂಕಟವಿದೆ. ಕಂಡವರು ನಮ್ಮವರು, ಆದರೆ ಕಂಡದ್ದನ್ನು ಮುಂದಕ್ಕೆ ಒಯ್ಯುವ ಪ್ರಯೋಗಾಲಯ, ಹಣ, ಪತ್ರಿಕೆ ನಮ್ಮ ಕೈಯಲ್ಲಿರಲಿಲ್ಲ.

ರಿಸರ್ಪೀನ್ ಮನೋರೋಗಕ್ಕೆ ಬಹಳ ಕಾಲ ಉಳಿಯಲಿಲ್ಲ. ಅದು ಬಿಟ್ಟುಹೋದ ತಿಳಿವಳಿಕೆ ಉಳಿಯಿತು. ಸ್ವೀಡನ್ನಿನ ಆರ್ವಿಡ್ ಕಾರ್ಲ್‌ಸನ್ ಮೊಲಗಳಿಗೆ ರಿಸರ್ಪೀನ್ ಕೊಟ್ಟಾಗ ಅವು ಕಿವಿ ಇಳಿಬಿಟ್ಟು ಕದಲದೆ ಕೂತವು. ಮಿದುಳಿನಲ್ಲಿ ಡೋಪಮೀನ್ ಆಗುವ ವಸ್ತುವನ್ನು ಕೊಟ್ಟೊಡನೆ ಎದ್ದು ಓಡಾಡಿದವು. ಡೋಪಮೀನ್ ಎಂಬ ಸಂದೇಶವಾಹಕ ಮಿದುಳಿನಲ್ಲಿ ಮಾಡುವ ಕೆಲಸ ಹೀಗೆ ಬೆಳಕಿಗೆ ಬಂತು. 2000ದಲ್ಲಿ ಅವರಿಗೆ ನೊಬೆಲ್ ಸಂದಿತು.

ಚಿತ್ತವಿಕಲತೆಗೆ ನಿಜವಾಗಿ ದಾರಿ ತೆರೆದದ್ದು ಕ್ಲೋರ್‌ಪ್ರೊಮಝೀನ್. 1950ರ ಕೊನೆಯಲ್ಲಿ ಫ್ರಾನ್ಸಿನಲ್ಲಿ ತಯಾರಾಯಿತು. ಶಸ್ತ್ರಚಿಕಿತ್ಸೆಗೆ ಮೊದಲು ಇದನ್ನು ಕೊಟ್ಟ ಆನ್ರಿ ಲಬೋರಿ ಎಂಬ ಶಸ್ತ್ರವೈದ್ಯ ಒಂದು ವಿಚಿತ್ರ ಕಂಡ: ರೋಗಿಗಳು ಎಚ್ಚರವಾಗಿಯೇ ಇದ್ದಾರೆ, ಆದರೆ ಭಯದ ಹಿಡಿತ ಸಡಿಲಿದೆ. 1952ರಲ್ಲಿ ಪ್ಯಾರಿಸಿನ ಸೇಂಟ್ ಆನ್ ಆಸ್ಪತ್ರೆಯ ಜಾನ್ ದಿಲೇ ಮತ್ತು ಪಿಯರ್ ದನಿಕೇರ್ ಅದನ್ನು ಮನೋರೋಗಿಗಳಿಗೆ ಕೊಟ್ಟರು. ಕಟ್ಟಿಹಾಕುವುದು, ತಣ್ಣೀರು, ಬೀಗ, ಇವೇ ಹೆಚ್ಚಾಗಿ ಉಪಾಯವಾಗಿದ್ದ ವಾರ್ಡುಗಳಲ್ಲಿ ಮಾತುಕತೆ ಸಾಧ್ಯವಾಯಿತು. ಕಿವಿಯಲ್ಲಿ ಕೇಳುವ ದನಿಗಳು ಪೂರ್ತಿ ನಿಲ್ಲದಿದ್ದರೂ ದೂರ ಸರಿದವು ಎಂದು ರೋಗಿಗಳು ಹೇಳುತ್ತಾರೆ. "ಬೈಗುಳ ಕೇಳ್ತದೆ ಸಾರ್, ಆದ್ರೆ ಪಕ್ಕದ ಬೀದೀಲಿ ಯಾರಿಗೋ ಬೈದಂಗೆ ಕೇಳ್ತದೆ" ಎಂದು ಒಬ್ಬರು ನನಗೆ ಹೇಳಿದ್ದರು. ಡೋಪಮೀನಿನ ಅಬ್ಬರ ತಗ್ಗಿದಾಗ ಏನಾಗುತ್ತದೆ ಎಂಬುದನ್ನು ಇದಕ್ಕಿಂತ ಚೆನ್ನಾಗಿ ನಾನು ಯಾವ ಪುಸ್ತಕದಲ್ಲೂ ಓದಿಲ್ಲ.

ಹಾಗಾದರೆ ಫಿಟ್ಸ್ ಔಷಧ ಮಾಡುವುದೇನು? ಸಂತೆಯನ್ನು ನೆನೆಯಿರಿ. ಎಲ್ಲರೂ ಅವರವರ ವ್ಯಾಪಾರದ ಮಾತಾಡುತ್ತಿರುತ್ತಾರೆ. ಗದ್ದಲವಿದ್ದರೂ ಕೆಲಸ ನಡೆಯುತ್ತದೆ. ಇದ್ದಕ್ಕಿದ್ದಂತೆ ಸಾವಿರ ಜನ ಒಂದೇ ತಾಳದಲ್ಲಿ ಕೂಗತೊಡಗಿದರೆ ಸಂತೆ ನಿಲ್ಲುತ್ತದೆ. ನರಕೋಶಗಳು ಹಾಗೆ ಒಟ್ಟಿಗೆ ಸಿಡಿಯುವುದೇ ಫಿಟ್ಸ್. ಫೆನಿಟಾಯಿನ್, ಕಾರ್ಬಮಜಪೀನ್ ಇವು ನರಕೋಶದ ಸೋಡಿಯಂ ಬಾಗಿಲುಗಳು ಪದೇ ಪದೇ ತೆರೆಯದಂತೆ ಹಿಡಿಯುತ್ತವೆ. ಫಿನೋಬಾರ್ಬಿಟಾಲ್, ಕ್ಲೊಬಝಾಮ್ ಇವು ಮಿದುಳಿನಲ್ಲಿ ಸಹಜವಾಗಿಯೇ ಇರುವ ಸಮಾಧಾನದ ಸಂಕೇತಕ್ಕೆ ಬಲ ಕೊಡುತ್ತವೆ.

ಈಗ ಒಂದು ಕುತೂಹಲದ ಸಂಗತಿ. 1934ರ ಜನವರಿಯಲ್ಲಿ ಬುಡಾಪೆಸ್ಟಿನಲ್ಲಿ ಲಾಡಿಸ್ಲಾಸ್ ಮೆಡುನಾ ಎಂಬ ವೈದ್ಯ ಕದಲದೆ ಬಿದ್ದಿದ್ದ ಒಬ್ಬ ಚಿತ್ತವಿಕಲ ರೋಗಿಗೆ ಕರ್ಪೂರದ ಎಣ್ಣೆ ಚುಚ್ಚಿ ಬೇಕೆಂದೇ ಫಿಟ್ಸ್ ತರಿಸಿದ. ಮೂರ್ಛೆ ಇದ್ದಲ್ಲಿ ಚಿತ್ತವಿಕಲತೆ ಇರುವುದಿಲ್ಲ, ಎರಡಕ್ಕೂ ಹಾವು ಮುಂಗುಸಿಯ ವೈರ ಎಂಬುದು ಅವನ ನಂಬಿಕೆ. ಆಮೇಲೆ ಕರ್ಪೂರ ಬಿಟ್ಟು ಕಾರ್ಡಿಯಝೋಲ್ ಎಂಬ ರಾಸಾಯನಿಕ ಬಳಸಿದ. 1938ರಲ್ಲಿ ರೋಮಿನಲ್ಲಿ ಚೆರ್ಲೆಟ್ಟಿ ಮತ್ತು ಬಿನಿ ಅದೇ ಕೆಲಸಕ್ಕೆ ವಿದ್ಯುತ್ತನ್ನು ಬಳಸಿದರು. ಮೆಡುನಾನ ಸಿದ್ಧಾಂತ ನಿಲ್ಲಲಿಲ್ಲ. ಚಿಕಿತ್ಸೆ ಉಳಿಯಿತು. ಇಂದು ಅರಿವಳಿಕೆ ಕೊಟ್ಟು, ಸ್ನಾಯು ಸಡಿಲಿಸಿ ಮಾಡುವ ಈ ಚಿಕಿತ್ಸೆ ಅನ್ನ ನೀರು ಬಿಟ್ಟು ಬಿದ್ದ ಎಷ್ಟೋ ಜೀವಗಳನ್ನು ಉಳಿಸುತ್ತಿದೆ. ಅರಿವಳಿಕೆ ಇಲ್ಲದೆ ಮಾಡುವುದನ್ನು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ನಿಷೇಧಿಸಿದೆ. ಮತ್ತೆ ಆ ಕಾರ್ಡಿಯಝೋಲ್? ಗ್ರೆನೋಬಲ್ಲಿನಲ್ಲಿ ವಾಲ್ಪ್ರೋಯೇಟಿನ ಗುಣ ಕಂಡದ್ದು ಇದೇ ವಸ್ತುವಿನಿಂದ ಪ್ರಾಣಿಗಳಿಗೆ ಸೆಳೆತ ತರಿಸಿದಾಗ. ಒಂದು ರೋಗಕ್ಕೆ ಮದ್ದೆಂದು ಬಂದದ್ದು ಇನ್ನೊಂದು ರೋಗದ ಮದ್ದನ್ನು ಹುಡುಕುವ ಉಪಕರಣವಾಯಿತು.

ಇಷ್ಟು ಹೇಳಿದ ಮೇಲೆ ಹುಡುಗಿಯ ಕಥೆಗೆ ಬರುತ್ತೇನೆ.

ಆಕೆ ನನ್ನ ಬಳಿ ಬಂದಾಗ ಹತ್ತೊಂಬತ್ತು ವರ್ಷ. ಫಿಟ್ಸಿಗೆ ಊರಿನ ವೈದ್ಯರು ಫಿನೋಬಾರ್ಬಿಟಾಲ್ ಕೊಡುತ್ತಿದ್ದರು, ಅದು ಅವರ ಬಾಬತ್ತು ಎಂದು ನಾನು ಮುಟ್ಟಲಿಲ್ಲ. ದನಿ ಕೇಳಿಸುವುದಕ್ಕೆ ಕ್ಲೋರ್‌ಪ್ರೊಮಝೀನ್ ಬರೆದೆ. ಕೆಲವು ವಾರ ಚೆನ್ನಾಗಿರುತ್ತಿದ್ದಳು, ಮತ್ತೆ ಕೆಡುತ್ತಿದ್ದಳು. ಕೆಟ್ಟಾಗೆಲ್ಲ ಡೋಸ್ ಏರಿಸಿದೆ. ತಾಯಿ ಪ್ರತಿ ಸಲ ಚೀಲದಲ್ಲಿ ಏನನ್ನೋ ಸುತ್ತಿ ತರುತ್ತಿದ್ದರು, ಸಾಲಿನಲ್ಲಿ ಎಂಬತ್ತು ಜನ ಕಾಯುತ್ತಿದ್ದುದರಿಂದ ತೆಗೆಯದೆ ವಾಪಸು ಒಯ್ಯುತ್ತಿದ್ದರು. ಮೂರನೆಯ ವರ್ಷ ಒಂದು ಮಳೆಯ ದಿನ, ಜನ ಕಡಿಮೆ ಇದ್ದಾಗ, "ಡಾಕ್ಟ್ರೇ, ಇದನ್ನೊಂದ್ಸಲ ನೋಡ್ತೀರಾ?" ಎಂದು ಕ್ಯಾಲೆಂಡರ್ ಬಿಚ್ಚಿದರು.

ಪುಟ ತಿರುವುತ್ತ ಹೋದಂತೆ ನನ್ನ ಕೈ ನಿಧಾನವಾಯಿತು. ಕೆಂಪು ಸುತ್ತು ಒಂಟಿಯಾಗಿ ಬಿದ್ದಲ್ಲಿ ನೀಲಿ ಗೆರೆ ಇರಲಿಲ್ಲ. ಮೂರು ನಾಲ್ಕು ಸುತ್ತು ಒಂದೇ ವಾರ ಬಿದ್ದಲ್ಲಿ, ನಡುವೆ ಎರಡು ದಿನ ಖಾಲಿ ಬಿಟ್ಟು, ಆಮೇಲೆ ನೀಲಿ ಗೆರೆಗಳ ಸಾಲು. ತಿಂಗಳ ಮೇಲೆ ತಿಂಗಳು ಅದೇ ವಿನ್ಯಾಸ. ಫಿಟ್ಸ್ ಗುಂಪಾಗಿ ಬಂದ ನಂತರ, ಒಂದೆರಡು ದಿನ ಸರಿಯಾಗಿದ್ದು, ಆಮೇಲೆ ಕಾಣಿಸಿಕೊಳ್ಳುವ ಚಿತ್ತವಿಕಲತೆ ಅದು. ಪಠ್ಯಪುಸ್ತಕದಲ್ಲಿ ಓದಿದ್ದೆ, ಪರೀಕ್ಷೆಯಲ್ಲಿ ಬರೆದಿದ್ದೆ. ಎದುರಿಗೆ ಕೂತಾಗ ಗುರುತಿಸಲಿಲ್ಲ. ಇನ್ನೊಂದು ಮಾತನ್ನೂ ಹೇಳಬೇಕು. ಕ್ಲೋರ್‌ಪ್ರೊಮಝೀನ್ ಫಿಟ್ಸಿನ ಹೊಸ್ತಿಲನ್ನು ತಗ್ಗಿಸುತ್ತದೆ, ಅಂದರೆ ಫಿಟ್ಸ್ ಒಳಗೆ ಬರುವುದು ಸುಲಭವಾಗುತ್ತದೆ. ನಾನು ಡೋಸ್ ಏರಿಸಿದ ತಿಂಗಳುಗಳಲ್ಲಿ ಕೆಂಪು ಸುತ್ತು ಹೆಚ್ಚಿದ್ದವು. ಅದೂ ಆ ಗೋಡೆಯ ಕ್ಯಾಲೆಂಡರಿನಲ್ಲಿ ನೇತಾಡುತ್ತಿತ್ತು. ಆ ತಾಯಿಯ ಮುಂದೆ ಅಂದು ನನ್ನ ತಪ್ಪನ್ನು ಒಪ್ಪಿಕೊಂಡೆ. ಇಂದು ಸಭೆಯ ಮುಂದೆ ಒಪ್ಪಿಕೊಳ್ಳುತ್ತೇನೆ.

ನರರೋಗ ತಜ್ಞರ ಜೊತೆ ಕೂತು ಎಲ್ಲವನ್ನೂ ಮತ್ತೆ ನೋಡಿದೆವು. ಫಿಟ್ಸಿಗೆ ಕಾರ್ಬಮಜಪೀನ್ ಶುರುವಾಯಿತು. ವಾಲ್ಪ್ರೋಯೇಟ್ ಬೇಡವೆಂದೆವು. ಮದುವೆ, ಮಗು ಮುಂದಿರುವ ಹೆಣ್ಣುಮಕ್ಕಳಿಗೆ ಬೇರೆ ದಾರಿ ಇರುವವರೆಗೆ ಅದನ್ನು ಕೊಡಬಾರದು. ಗರ್ಭದಲ್ಲಿ ಅದಕ್ಕೆ ಒಡ್ಡಿಕೊಂಡ ಮಕ್ಕಳಲ್ಲಿ ಹತ್ತಕ್ಕೆ ಒಂದು ಮಗುವಿಗೆ ಅಂಗವೈಕಲ್ಯ, ಹತ್ತಕ್ಕೆ ಮೂರು ನಾಲ್ಕು ಮಕ್ಕಳಿಗೆ ಬುದ್ಧಿಯ ಬೆಳವಣಿಗೆಯಲ್ಲಿ ತೊಡಕು ಕಂಡಿದೆ. ಕ್ಲೋರ್‌ಪ್ರೊಮಝೀನನ್ನು ಇಳಿಸಿ, ಫಿಟ್ಸನ್ನು ಅಷ್ಟಾಗಿ ಕೆಣಕದ ರಿಸ್ಪೆರಿಡೋನನ್ನು ಸಣ್ಣ ಪ್ರಮಾಣದಲ್ಲಿ ಕೊಟ್ಟೆವು. ಇಲ್ಲೂ ಲೆಕ್ಕ ತಪ್ಪಬಾರದು. ಕಾರ್ಬಮಜಪೀನ್ ಯಕೃತ್ತಿನ ಕೆಲಸವನ್ನು ಚುರುಕುಗೊಳಿಸಿ ರಿಸ್ಪೆರಿಡೋನನ್ನು ಬೇಗ ಕರಗಿಸಿಬಿಡುತ್ತದೆ. ಗರ್ಭನಿರೋಧಕ ಗುಳಿಗೆಯನ್ನೂ ಹಾಗೆಯೇ ಸೋಲಿಸುತ್ತದೆ. ಈ ಕೊನೆಯ ಮಾತನ್ನು ಎಷ್ಟೋ ಹೆಣ್ಣುಮಕ್ಕಳಿಗೆ ಯಾರೂ ಹೇಳಿರುವುದಿಲ್ಲ.

ಔಷಧದ ಅಡ್ಡಪರಿಣಾಮಗಳನ್ನು ಹೇಳಿದರೆ ಜನ ಹೆದರಿ ಬಿಟ್ಟುಬಿಡುತ್ತಾರೆ ಎನ್ನುವ ವೈದ್ಯರಿದ್ದಾರೆ. ನನ್ನ ಅನುಭವ ಇದಕ್ಕೆ ತದ್ವಿರುದ್ಧ. ಚಿತ್ತವಿಕಲತೆಯ ಔಷಧ ಹಾಲೋಪೆರಿಡಾಲ್ ಶುರು ಮಾಡಿದ ಎರಡನೆಯ ದಿನ ಯುವಕನೊಬ್ಬನ ಕತ್ತು ಒಂದು ಕಡೆಗೆ ತಿರುಚಿಕೊಂಡು, ಕಣ್ಣುಗುಡ್ಡೆ ಮೇಲಕ್ಕೆ ಹೋಗಿ ನಿಂತಿತು. ಫೆನರ್ಗಾನ್ ಇಂಜೆಕ್ಷನ್ ಒಂದು ಕೊಟ್ಟರೆ ಅರ್ಧ ಗಂಟೆಯಲ್ಲಿ ಸರಿಹೋಗುವಂಥದ್ದು. ಹೀಗಾಗಬಹುದೆಂದು ಮೊದಲೇ ಹೇಳಿರಲಿಲ್ಲವಾಗಿ, ದೆವ್ವ ಮೈಮೇಲೆ ಬಂತೆಂದು ಮನೆಯವರು ಅವನನ್ನು ದೂರದ ಗುಡಿಗೆ ಒಯ್ದರು. ಮತ್ತೆ ಚಿಕಿತ್ಸೆಗೆ ಬಂದದ್ದು ಎರಡು ವರ್ಷದ ಮೇಲೆ. ಅಷ್ಟರಲ್ಲಿ ಅವನ ಕೆಲಸ ಹೋಗಿತ್ತು, ನಿಶ್ಚಯವಾಗಿದ್ದ ಮದುವೆ ಮುರಿದಿತ್ತು. ಅವನಿಗೆ ಹೇಳಬೇಕಿದ್ದ ಮಾತು ಎರಡು ನಿಮಿಷದ್ದು. ಫಿಟ್ಸಿಗೆ ಕಾರ್ಬಮಜಪೀನ್ ಅಥವಾ ಲ್ಯಾಮೊಟ್ರಿಜಿನ್ ಶುರುಮಾಡಿದವರಿಗೂ ಹೀಗೆ ಒಂದು ಮಾತು ಹೇಳಲೇಬೇಕು: ಮೊದಲ ವಾರಗಳಲ್ಲಿ ಮೈಮೇಲೆ ದದ್ದು, ಬಾಯಲ್ಲಿ ಹುಣ್ಣು, ಜ್ವರ ಕಂಡರೆ ಮುಂದಿನ ತಾರೀಖಿಗೆ ಕಾಯದೆ ಅಂದೇ ಬನ್ನಿ. ಚಿತ್ತವಿಕಲತೆಗೆ ಒಲಾನ್ಝಪೀನ್ ತಗೊಳ್ಳುವವರ ತೂಕ, ಸಕ್ಕರೆ ನೋಡುತ್ತಿರಬೇಕು. ಫಿಟ್ಸ್ ಔಷಧ ಲೆವೆಟಿರಸಿಟಮ್ ಕೆಲವರಲ್ಲಿ ವಿಪರೀತ ಸಿಟ್ಟು ತರುತ್ತದೆ, ಅದನ್ನು ಸ್ವಭಾವದೋಷ ಎಂದು ಸಂಸಾರದಲ್ಲಿ ಜಗಳವಾಗುತ್ತದೆ.

ಕ್ಲೋಝಪೀನ್ ಬಗ್ಗೆ ಸ್ವಲ್ಪ ನಿಂತು ಮಾತಾಡಬೇಕು. ಉಳಿದ ಯಾವ ಔಷಧಕ್ಕೂ ಬಗ್ಗದ ಚಿತ್ತವಿಕಲತೆಗೆ ಇದಕ್ಕೆ ಸಮನಾದದ್ದು ಇನ್ನೂ ಬಂದಿಲ್ಲ. 1975ರಲ್ಲಿ ಫಿನ್ಲೆಂಡಿನಲ್ಲಿ ಇದನ್ನು ತೆಗೆದುಕೊಂಡ ಕೆಲವರ ಬಿಳಿ ರಕ್ತಕಣಗಳು ಬರಿದಾಗಿ, ಸೋಂಕು ತಗುಲಿ ಸತ್ತರು. ಹಲವು ದೇಶಗಳು ಕೈಬಿಟ್ಟವು. 1988ರಲ್ಲಿ ಜಾನ್ ಕೇನ್ ಮತ್ತು ಸಂಗಡಿಗರ ಅಧ್ಯಯನ ಇದರ ಶಕ್ತಿಯನ್ನು ತೋರಿಸಿದ ಮೇಲೆ, ತಪ್ಪದೆ ರಕ್ತಪರೀಕ್ಷೆ ಮಾಡಿಸಬೇಕೆಂಬ ಷರತ್ತಿನೊಂದಿಗೆ ಮರಳಿ ಬಂತು. ನಮ್ಮಲ್ಲಿ ಮೊದಲ 18 ವಾರ ವಾರಕ್ಕೊಮ್ಮೆ ಪರೀಕ್ಷೆ ಮಾಡಿಸುವ ರೂಢಿ. ಆದರೆ ಇದೇ ಕ್ಲೋಝಪೀನ್ ಪ್ರಮಾಣ ಏರಿದಂತೆ ಫಿಟ್ಸನ್ನೂ ತರುತ್ತದೆ. ದಿನಕ್ಕೆ 600 ಮಿಲಿಗ್ರಾಂ ದಾಟಿದರೆ ನೂರಕ್ಕೆ ನಾಲ್ಕೈದು ಜನರಿಗೆ. ಫಿಟ್ಸಿಗೆ ಮೊದಲು ಅದೊಂದು ಸೂಚನೆ ಕೊಡುವುದುಂಟು. ಕಾಫಿ ಲೋಟ ಕೈಯಿಂದ ಜಾರಿ ಬೀಳುತ್ತಿದೆ, ದಿನಕ್ಕೆ ಎರಡು ಸಲ, ಅವನು ಬೇಕೆಂದೇ ಎಸೆಯುತ್ತಿಲ್ಲ ಎಂದು ಒಬ್ಬ ರೋಗಿಯ ಅತ್ತಿಗೆ ನನಗೆ ಫೋನಿನಲ್ಲಿ ಹೇಳಿದರು. ಸ್ನಾಯುವಿನ ಕ್ಷಣಿಕ ಕುಪ್ಪಳಿಕೆ ಅದು. ಪ್ರಮಾಣ ಇಳಿಸಿ, ವಾಲ್ಪ್ರೋಯೇಟ್ ಜೊತೆಗೂಡಿಸಿದೆವು, ಅವನಿಗೆ ಫಿಟ್ಸ್ ಬರಲಿಲ್ಲ. ಲೋಟ ಬಿದ್ದದ್ದನ್ನು ನೋಡಿ ಬೈಯದೆ ಎಣಿಸಿದ ಆ ಹೆಣ್ಣುಮಗಳು ಲಬೋರಿಯ, ಹೌಪ್ಟ್‌ಮನ್ನನ ಸಾಲಿನವಳು ಎಂದೇ ನನ್ನ ಭಾವನೆ.

ಹೀಗೆ ಮನೆಯವರನ್ನು ಕೇಳಿದರಷ್ಟೇ ತಿಳಿಯುವ, ನಮ್ಮ ಕರ್ನಾಟಕದ್ದೇ ಎನ್ನಬಹುದಾದ ಒಂದು ಮೂರ್ಛೆ ಇದೆ. ಹಂಡೆಯ ಸುಡುನೀರನ್ನು ಚೊಂಬಿನಿಂದ ತಲೆಗೆ ಹುಯ್ದುಕೊಳ್ಳುವಾಗ ಬರುವ ಫಿಟ್ಸ್. ಲೋಕದ ಬೇರೆಡೆ ಅಪರೂಪ, ನಮ್ಮ ದಕ್ಷಿಣದ ಜಿಲ್ಲೆಗಳಲ್ಲಿ ಹೆಚ್ಚು. ಬೆಂಗಳೂರಿನ ಡಾ. ಕೆ. ಎಸ್. ಮಣಿ ಇದರ ಬಗ್ಗೆ 1960ರ ದಶಕದಲ್ಲೇ ಬರೆದರು, ಮುಂದೆ ನಿಮ್ಹಾನ್ಸಿನ ಡಾ. ಪಿ. ಸತೀಶ್ಚಂದ್ರ ಆಳವಾಗಿ ಅಧ್ಯಯನ ಮಾಡಿದರು. ಇದಕ್ಕೆ ಎಷ್ಟೋ ಜನರಿಗೆ ದಿನವೂ ಮಾತ್ರೆ ಬೇಡ. ನೀರಿನ ಬಿಸಿ ಇಳಿಸಬೇಕು. ಸಾಲದಿದ್ದರೆ ತಲೆಸ್ನಾನದ ದಿನ, ಸ್ನಾನಕ್ಕೆ ಗಂಟೆ ಒಂದೂವರೆ ಗಂಟೆ ಮೊದಲು, ವೈದ್ಯರು ಹೇಳಿದಷ್ಟು ಕ್ಲೊಬಝಾಮ್. ಸ್ನಾನದ ಮನೆಯ ಅಭ್ಯಾಸವನ್ನು ವಿಚಾರಿಸದ ವೈದ್ಯರು ಇಂಥವರಿಗೆ ವರ್ಷಗಟ್ಟಲೆ ದಿನಕ್ಕೆರಡು ಮಾತ್ರೆ ತಿನ್ನಿಸಿದ್ದಾರೆ.

ಇದೇ ಮಣಿ ಮತ್ತು ಅವರ ಸಂಗಡಿಗರು ಚಾಮರಾಜನಗರ ಕಡೆಯ ಯಳಂದೂರು ತಾಲ್ಲೂಕಿನಲ್ಲಿ ಸುಮಾರು 65,000 ಜನರ ನಡುವೆ ಮೂರ್ಛೆರೋಗಿಗಳನ್ನು ಹುಡುಕಿ, ಫಿನೋಬಾರ್ಬಿಟಾಲ್ ಅಥವಾ ಫೆನಿಟಾಯಿನ್ ಕೊಟ್ಟು ವರ್ಷಗಟ್ಟಲೆ ಹಿಂಬಾಲಿಸಿದರು. 2001ರಲ್ಲಿ ಅದು ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂತು. ಅಗ್ಗದ ಹಳೆಯ ಮಾತ್ರೆಗಳೇ, ತಪ್ಪದೆ ಸಿಕ್ಕರೆ, ತಪ್ಪದೆ ನುಂಗಿದರೆ, ಹಳ್ಳಿಯಲ್ಲೂ ಕೆಲಸ ಮಾಡುತ್ತವೆಂದು ತೋರಿಸಿದ ಅಧ್ಯಯನ ಅದು. ತೀರ್ಥಹಳ್ಳಿ ತಾಲ್ಲೂಕಿನಲ್ಲಿ ನಿಮ್ಹಾನ್ಸಿನವರು ಚಿತ್ತವಿಕಲ ರೋಗಿಗಳನ್ನು ಮನೆಮನೆಯಿಂದ ಗುರುತಿಸಿ ಚಿಕಿತ್ಸೆ ಮುಂದುವರಿಸಿದಾಗ, ಔಷಧ ಬಿಡದವರು ತೋಟಕ್ಕೆ, ಅಡುಗೆಗೆ, ಸಂಸಾರಕ್ಕೆ ಮರಳಿದ್ದು ಕಂಡಿತು. ಸರಿಯಾದ ಚಿಕಿತ್ಸೆ ಸಿಕ್ಕರೆ ಮೂರ್ಛೆರೋಗದ ನೂರು ಜನರಲ್ಲಿ ಎಪ್ಪತ್ತರವರೆಗೆ ಜನ ಫಿಟ್ಸ್ ಇಲ್ಲದೆ ಬದುಕಬಹುದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಇಷ್ಟು ಗೊತ್ತಿದ್ದೂ ಪ್ರಾಥಮಿಕ ಆರೋಗ್ಯ ಕೇಂದ್ರದ ಕಪಾಟಿನಲ್ಲಿ "ಈ ತಿಂಗಳು ಸ್ಟಾಕ್ ಇಲ್ಲ" ಎಂದಾಗ ನನಗೆ ಕೋಪ ಬರುತ್ತದೆ. ಫಿಟ್ಸ್ ಮಾತ್ರೆ ಥಟ್ಟನೆ ನಿಂತರೆ ಬಿಟ್ಟೂಬಿಡದೆ ಫಿಟ್ಸ್ ಬಂದು ಪ್ರಾಣವೇ ಹೋಗಬಹುದು. ಸರ್ಕಾರದ ಮಂಗಳವಾರದ ಮಾನಸಿಕ ಆರೋಗ್ಯ ಶಿಬಿರ ಮನೋಚೈತನ್ಯಕ್ಕೆ ಮೂವತ್ತು ಕಿಲೋಮೀಟರ್ ಬಸ್ಸಿನಲ್ಲಿ ಬಂದವರನ್ನು ಬರಿಗೈಯಲ್ಲಿ ಕಳಿಸುವ ಹಕ್ಕು ಯಾರಿಗೂ ಇಲ್ಲ. ಮಾನಸಿಕ ಚಿಕಿತ್ಸೆ ಪಡೆಯುವುದು ಅವರ ಹಕ್ಕು ಎಂದು 2017ರ ಕಾಯ್ದೆಯೇ ಬರೆದಿದೆ.

ಎಲ್ಲರೂ ಕೊನೆಗೆ ಕೇಳುವ ಪ್ರಶ್ನೆ ಒಂದೇ. "ಎಷ್ಟು ದಿನ ತಗೋಬೇಕು ಸಾರ್? ಜೀವನಪೂರ್ತಿನಾ?" ನನ್ನ ಉತ್ತರ ಪ್ರತಿ ಮನೆಗೂ ಬೇರೆ. ಫಿಟ್ಸ್ ಬಾರದೆ ಕನಿಷ್ಠ ಎರಡು ವರ್ಷ ಕಳೆದಿದ್ದರೆ, ಮಿದುಳಿನಲ್ಲಿ ಬೇರೆ ದೋಷವಿಲ್ಲದಿದ್ದರೆ, ಹಲವು ತಿಂಗಳುಗಳ ಕಾಲ ಹಂತ ಹಂತವಾಗಿ ಇಳಿಸಿ ನೋಡಬಹುದು. ಆದರೂ ಸುಮಾರು ಮೂರರಲ್ಲಿ ಒಬ್ಬರಿಗೆ ಮರಳುತ್ತದೆ. ಮೊದಲ ಸಲ ಚಿತ್ತವಿಕಲತೆ ಬಂದು ಗುಣವಾದವರು ಒಂದೆರಡು ವರ್ಷವಾದರೂ ಮುಂದುವರಿಸಬೇಕು, ಮತ್ತೆ ಮತ್ತೆ ಬಂದವರು ಇನ್ನೂ ಬಹಳ ಕಾಲ. ನಿಲ್ಲಿಸಬೇಕೆಂಬ ಆಸೆ ತಪ್ಪಲ್ಲ. ವೈದ್ಯರಿಗೆ ಹೇಳದೆ, ಸ್ನಾನದ ಮನೆಯ ಕಿಟಕಿಯಿಂದ ಮಾತ್ರೆ ಎಸೆಯುವ ಪರಿಸ್ಥಿತಿಗೆ ರೋಗಿಯನ್ನು ತಳ್ಳಿದ್ದರೆ ತಪ್ಪು ನಮ್ಮದು.

ಆ ಹುಡುಗಿಗೆ ಮದುವೆಯಾಗಿದೆ. ಕಾಯಿಲೆಯನ್ನು ಮುಚ್ಚಿಡದೆ ಹೇಳಿಯೇ ಸಂಬಂಧ ಮಾಡಿದರು. ಮೂರ್ಛೆರೋಗವಿದ್ದರೆ ಮದುವೆಯನ್ನೇ ರದ್ದು ಮಾಡಿಸಬಹುದು ಎನ್ನುತ್ತಿದ್ದ ಕಾನೂನಿನ ಮಾತನ್ನು 1999ರಲ್ಲಿ ತೆಗೆದುಹಾಕಿದ್ದಾರೆಂಬುದು ಗಂಡಿನ ಕಡೆಯವರಿಗೆ ಗೊತ್ತಿರಲಿಲ್ಲ, ಹುಡುಗಿಯ ತಂದೆಯೇ ಕಾಗದ ತೋರಿಸಿ ವಿವರಿಸಿದರಂತೆ. ಹೋದ ತಿಂಗಳು ಆಕೆ ಒಬ್ಬಳೇ ಬಸ್ಸಿನಲ್ಲಿ ಬಂದಿದ್ದಳು. ಈಗ ಕ್ಯಾಲೆಂಡರ್ ಅವಳದೇ. ವರ್ಷದಲ್ಲಿ ಎರಡು ಕೆಂಪು ಸುತ್ತು, ಎರಡೂ ಒಂಟಿ. ನೀಲಿ ಗೆರೆ ಇಲ್ಲ. ಅಮ್ಮನ ಕ್ಯಾಲೆಂಡರಿನಲ್ಲಿ ಇಲ್ಲದ ಹಸಿರು ಚುಕ್ಕೆಗಳು ಮೂರು ಇದ್ದವು. ಏನಮ್ಮ ಇದು ಎಂದು ಕೇಳಿದೆ. "ಮಾತ್ರೆ ಮರೆತ ದಿನ ಸಾರ್. ನೋಡಿ, ಎರಡನೇ ಸುತ್ತಿನ ಹಿಂದಿನ ದಿನವೂ ಒಂದು ಚುಕ್ಕೆ ಇದೆ" ಎಂದಳು. ನಾನು ಹೇಳಬೇಕಾದದ್ದನ್ನು ಅವಳೇ ಹೇಳಿಯಾಗಿತ್ತು. ರಿಸ್ಪೆರಿಡೋನನ್ನು ಅರ್ಧಕ್ಕಿಳಿಸೋಣವೇ ಎಂದು ಕೇಳಿದಳು. ಇಳಿಸೋಣ, ಆದರೆ ಮೊದಲು ಹಸಿರು ಚುಕ್ಕೆಯಿಲ್ಲದ ಮೂರು ತಿಂಗಳು ತೋರಿಸು ಎಂದೆ. ಚೀಲದಿಂದ ಪೆನ್ನು ತೆಗೆದು, ದೀಪಾವಳಿ ಕಳೆದ ಮೊದಲ ಮಂಗಳವಾರಕ್ಕೆ ಒಂದು ಗುರುತು ಹಾಕಿಕೊಂಡಳು.